ರಾತ್ರಿ ಹೊತ್ತು ಸದ್ದು ಅಷ್ಟು ದೂರ ಹೋಗುವುದು ಹೇಗೆ? ಬೆಳಕು ಯಾಕೆ ಮೂಲೆ ತಿರುಗುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಕೊಡಗಿನ ಕಕ್ಕಬ್ಬೆ ಕಡೆ, ಗದ್ದೆ ಬಯಲಿನ ಅಂಚಿನಲ್ಲಿದೆ. ಬಯಲಿನ ಆಚೆ ತುದಿಯಲ್ಲಿ ಇನ್ನೊಂದು ಒಕ್ಕದವರ (ಮನೆತನದವರ) ಮನೆ. ಸುತ್ತಲೂ ಬೆಟ್ಟ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಅವರು ಕದಿರು (ಭತ್ತದ ತೆನೆ) ಕೊಯ್ದಾಗ ಹಾರಿಸಿದ ಕೋವಿಯ ಬೆಂಕಿ ಮೊದಲು ಕಾಣಿಸಿತು. ಎರಡು ಎಣಿಸುವಷ್ಟರಲ್ಲಿ ಸದ್ದು ಬಂತು. ಆಮೇಲೆ ಬೆಟ್ಟಗಳಲ್ಲಿ ಗುಡುಗಿನ ಹಾಗೆ ಉರುಳಿತು. ಅವರ 'ಪೊಲಿ ಪೊಲಿ ದೇವಾ' ಕೂಗು ಕೂಡ ಕೇಳಿಸಿತು. ಅದೇ ಜಾಗದಿಂದ ಮಧ್ಯಾಹ್ನ ಎಷ್ಟು ಕೂಗಿದರೂ ನಮಗೆ ಕೇಳುವುದಿಲ್ಲ. ಮಂಜು ಸದ್ದನ್ನು ಹೊತ್ತು ತರುತ್ತದೆ ಅಂತ ನಮ್ಮ ಅತ್ತೆಯವರು ಹೇಳುತ್ತಾರೆ. ನಿಜವೇ? ಪಿಯುಸಿ ಓದುವ ಮಗಳ ಪ್ರಶ್ನೆ ಬೇರೆ. ಬೆಳಕೂ ಅಲೆ, ಸದ್ದೂ ಅಲೆ ಅಂದ ಮೇಲೆ ಮನೆ ಹಿಂದೆ ನಿಂತವರ ಮಾತು ಕೇಳುತ್ತದೆ, ಮುಖ ಯಾಕೆ ಕಾಣುವುದಿಲ್ಲ? ಬೆಟ್ಟದ ಮರೆಗೆ ಹೋದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ರೇಡಿಯೋ ಮಾತ್ರ ಹಾಡುತ್ತಲೇ ಇರುತ್ತದೆ. ಅದೂ ಅಲೆಯೇ ಅಲ್ವಾ?

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಹೇಳಿ, ಅವರು ಗಮನಿಸಿದ್ದು ಸರಿ. ತಣ್ಣಗಿನ ರಾತ್ರಿಯಲ್ಲಿ, ಮಂಜಿನ ಮುಂಜಾನೆಯಲ್ಲಿ ಸದ್ದು ನಿಜಕ್ಕೂ ದೂರ ಹೋಗುತ್ತದೆ. ಆದರೆ ಹೊತ್ತು ತರುವುದು ಮಂಜಲ್ಲ. ಮಂಜು ಯಾಕೆ ಬಿದ್ದಿತೋ ಅದೇ ಕಾರಣಕ್ಕೆ ಸದ್ದೂ ದೂರ ಬರುತ್ತದೆ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಮಗಳ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಸದ್ದು ಒಂದು ಪಾಠ, ಬೆಳಕು ಇನ್ನೊಂದು ಪಾಠ, ರೇಡಿಯೋ ಅಲೆಗಳು ಮತ್ತೆಲ್ಲೋ ಕೊನೆಯಲ್ಲಿ. ಹೀಗೆ ಬೇರೆ ಬೇರೆ ಮಾಡಿ ಕಲಿಸುವುದರಿಂದ ಮಕ್ಕಳಿಗೆ ನಷ್ಟ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಇವೆಲ್ಲ ಒಂದೇ ನಿಯಮಕ್ಕೆ ತಲೆಬಾಗುತ್ತವೆ. ವ್ಯತ್ಯಾಸ ಇರುವುದು ಅಲೆಯ ಅಳತೆಯಲ್ಲಿ. ಅಲೆ ಎಷ್ಟು ಉದ್ದ, ಅದಕ್ಕೆ ಎದುರಾದ ವಸ್ತು ಎಷ್ಟು ದೊಡ್ಡದು, ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಪ್ರಶ್ನೆಗಳ ಮುಕ್ಕಾಲು ಭಾಗ ಬಿಡಿಸಿದ ಹಾಗೆ.

ಮೊದಲು ಅಲೆ ಅಂದರೆ ಏನು ಅಂತ ನೋಡೋಣ. ಕೆರೆಗೆ ಕಲ್ಲು ಹಾಕಿದಾಗ ಅಲೆ ದಡಕ್ಕೆ ಬರುತ್ತದೆ, ಕಲ್ಲು ಬಿದ್ದ ಜಾಗದ ನೀರು ಬರುವುದಿಲ್ಲ. ನೀರಿನ ಮೇಲೆ ಒಂದು ಎಲೆ ತೇಲುತ್ತಿದ್ದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲೆ ಬಂದಾಗ ಎಲೆ ಏಳುತ್ತದೆ, ಇಳಿಯುತ್ತದೆ, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಜನ ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಜನ ನಿಂತಲ್ಲೇ ನಿಂತಿರುತ್ತಾರೆ, ಭಾರ ಮಾತ್ರ ಮೇಲೆ ಹೋಗುತ್ತದೆ. ಅಲೆಯಲ್ಲಿ ದಾಟಿಹೋಗುವ ಭಾರ ಅಂದರೆ ಶಕ್ತಿ.

ಸದ್ದಿನಲ್ಲಿ ಹೀಗೆ ದಾಟಿಸುವುದು ಗಾಳಿ. ಕೋವಿಯ ಬಾಯಿಂದ ಹೊರಬಿದ್ದ ಬಿಸಿ ಅನಿಲ ಪಕ್ಕದ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ತನ್ನ ಪಕ್ಕದ ಗಾಳಿಯನ್ನು ಒತ್ತಿ ತಾನು ಸಡಿಲವಾಗುತ್ತದೆ. ಈ ಒತ್ತಡ ಮುಂದೆ ಮುಂದೆ ಸಾಗುತ್ತದೆ. ಗಾಳಿ ಎಷ್ಟು ಕಡಿಮೆ ಅಲುಗುತ್ತದೆ ಗೊತ್ತಾ? ನಾವಿಬ್ಬರು ಎದುರುಬದುರು ಕೂತು ಮಾಮೂಲಿ ದನಿಯಲ್ಲಿ ಮಾತಾಡುವಾಗ ನಿಮ್ಮ ಕಿವಿಯ ಬಳಿ ಗಾಳಿ ಹಿಂದೆ ಮುಂದೆ ಓಲಾಡುವುದು ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗದ ಆಸುಪಾಸು. ಅಷ್ಟು ಸಣ್ಣ ಅಲುಗಾಟವನ್ನು ನಮ್ಮ ಕಿವಿ ಹಿಡಿಯುತ್ತದೆ. ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಇದು ಅಚ್ಚರಿಯೇ.

ಬೆಳಕಿನಲ್ಲಿ ಅಲುಗುವುದು ಗಾಳಿಯಲ್ಲ, ಯಾವ ವಸ್ತುವೂ ಅಲ್ಲ. ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಏರಿಳಿಯುತ್ತಾ ಸಾಗುತ್ತವೆ. ಆದ್ದರಿಂದಲೇ ಸೂರ್ಯನ ಬೆಳಕು ಖಾಲಿ ಜಾಗ ದಾಟಿ ನಮ್ಮನ್ನು ಮುಟ್ಟುತ್ತದೆ, ಸದ್ದು ಅಲ್ಲಿಂದ ಬರಲಾರದು. ಬೆಳಕು ಇಂಥ ಅಲೆ ಅಂತ 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಲೆಕ್ಕದಿಂದ ತೋರಿಸಿದರು. ಅದೇ ಜಾತಿಯ, ಆದರೆ ಕಣ್ಣಿಗೆ ಕಾಣದ ಉದ್ದದ ಅಲೆಗಳನ್ನು 1880ರ ದಶಕದ ಕೊನೆಯಲ್ಲಿ ಹರ್ಟ್ಜ್ ಪ್ರಯೋಗಶಾಲೆಯಲ್ಲಿ ಎಬ್ಬಿಸಿ ತೋರಿಸಿದರು. ನಿಮ್ಮ ರೇಡಿಯೋ, ಮೊಬೈಲ್ ಎರಡೂ ಆ ವಂಶದವು.

ಈಗ ಎರಡು ಎಣಿಸಿದ ಲೆಕ್ಕಕ್ಕೆ ಬರೋಣ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಬಯಲು ದಾಟಲು ಅದಕ್ಕೆ ಒಂದು ಸೆಕೆಂಡಿನ ಲಕ್ಷದಲ್ಲಿ ಒಂದು ಭಾಗವೂ ಬೇಡ. ಸದ್ದಿನ ವೇಗ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 331 ಮೀಟರ್. ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಜಾಸ್ತಿಯಾಗುತ್ತದೆ. ಪುತ್ತರಿ ರಾತ್ರಿಯ 15, 16 ಡಿಗ್ರಿ ಚಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಅಂತ ಇಟ್ಟುಕೊಳ್ಳಿ. ಎರಡು ಸೆಕೆಂಡಿಗೆ 680 ಮೀಟರ್. ಅಂದರೆ ಆಚೆ ಮನೆಯವರ ಗದ್ದೆ ನಿಮ್ಮಿಂದ ಮುಕ್ಕಾಲು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಸಿಡಿಲಿಗೂ ಇದೇ ಲೆಕ್ಕ. ಮಿಂಚಿ ಮೂರು ಸೆಕೆಂಡಿಗೆ ಗುಡುಗಿದರೆ ಒಂದು ಕಿಲೋಮೀಟರ್ ದೂರ.

ಕೊಡಗು ಎತ್ತರದ ಜಾಗ, ಗಾಳಿ ತೆಳು, ಅದಕ್ಕೆ ಸದ್ದು ನಿಧಾನ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಎತ್ತರ ಹೋದ ಹಾಗೆ ಒತ್ತಡವೂ ಕಡಿಮೆ, ಸಾಂದ್ರತೆಯೂ ಕಡಿಮೆ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಉಳಿಯುವುದು ತಾಪಮಾನ ಮಾತ್ರ. ಮಡಿಕೇರಿಯಲ್ಲಿ ಸದ್ದು ಮಂಗಳೂರಿಗಿಂತ ತುಸು ನಿಧಾನ ಅನ್ನುವುದು ನಿಜ, ಆದರೆ ಅದು ಚಳಿಯಿಂದ.

ಗುಡುಗಿನ ಹಾಗೆ ಉರುಳಿದ್ದು ಪ್ರತಿಧ್ವನಿ. ಕೋವಿಯ ಸದ್ದು ನಿಜವಾಗಿ ಕ್ಷಣ ಮಾತ್ರದ್ದು. ಅದು ಎಲ್ಲ ದಿಕ್ಕಿಗೂ ಹೋಗುತ್ತದೆ. ನೇರ ಬಂದದ್ದು ಮೊದಲು ಕಿವಿಗೆ ಬೀಳುತ್ತದೆ. ಹತ್ತಿರದ ಗುಡ್ಡಕ್ಕೆ ಹೊಡೆದು ಬಂದದ್ದು ಆಮೇಲೆ, ದೂರದ ಬೆಟ್ಟಕ್ಕೆ ಹೊಡೆದು ಬಂದದ್ದು ಇನ್ನೂ ಆಮೇಲೆ. ಮೊದಲ ಸದ್ದಾಗಿ ನಾಲ್ಕು ಸೆಕೆಂಡಿಗೆ ಬಂದ ಪ್ರತಿಧ್ವನಿ, ನೇರ ದಾರಿಗಿಂತ 1,360 ಮೀಟರ್ ಜಾಸ್ತಿ ಸುತ್ತಿ ಬಂದಿದೆ. ಎರಡು ಸದ್ದುಗಳ ನಡುವೆ ಸುಮಾರು 0.1 ಸೆಕೆಂಡ್ ಅಂತರ ಇದ್ದರೆ ಮಾತ್ರ ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಅದಕ್ಕಿಂತ ಹತ್ತಿರ ಬಂದರೆ ಎಲ್ಲ ಕೂಡಿ ಒಂದೇ ಉರುಳಾಟ. ಕಾಡು ತುಂಬಿದ ಇಳಿಜಾರು ನುಣುಪಾದ ಗೋಡೆಯಲ್ಲ, ಅದರ ಒಂದೊಂದು ಏರುತಗ್ಗು ತನ್ನ ಪಾಲಿನ ಸದ್ದನ್ನು ಬೇರೆ ಬೇರೆ ಹೊತ್ತಿಗೆ ಹಿಂದೆ ಕಳಿಸುತ್ತದೆ. ಹತ್ತಿರದಿಂದ 'ಠಳ್' ಅಂತ ಕೇಳುವ ಸದ್ದು ದೂರದಿಂದ 'ದುಂ' ಅಂತ ಕೇಳುವುದನ್ನೂ ನೀವು ಗಮನಿಸಿರಬಹುದು. ಕೀಚಲು ಸದ್ದನ್ನು ಗಾಳಿ ದಾರಿಯಲ್ಲೇ ಬೇಗ ಹೀರಿಕೊಳ್ಳುತ್ತದೆ. ಕೊನೆಗೆ ಉಳಿದು ಬರುವುದು ದಪ್ಪ ಸದ್ದು.

ಇನ್ನು ರಾತ್ರಿಯ ವಿಷಯ. ಇಲ್ಲಿ ಒಂದು ನಿಯಮ ನೆನಪಿಡಿ: ಅಲೆ ಯಾವಾಗಲೂ ತನ್ನ ವೇಗ ಕಡಿಮೆ ಇರುವ ಕಡೆಗೆ ಬಾಗುತ್ತದೆ. ಅಲೆಯ ಒಂದು ಬದಿ ನಿಧಾನವಾಗಿ, ಇನ್ನೊಂದು ಬದಿ ಜೋರಾಗಿ ಹೋದರೆ ಇಡೀ ಅಲೆ ನಿಧಾನದ ಬದಿಗೆ ತಿರುಗಲೇಬೇಕು. ಪಠ್ಯಪುಸ್ತಕದಲ್ಲಿ ಇದನ್ನು ವಕ್ರೀಭವನ ಅನ್ನುತ್ತಾರೆ.

ಬಿಸಿಲಿನ ಹೊತ್ತಿನಲ್ಲಿ ನೆಲ ಕಾಯುತ್ತದೆ. ನೆಲಕ್ಕೆ ಹತ್ತಿದ ಗಾಳಿ ಬಿಸಿ, ಮೇಲಿನದು ತಂಪು. ಬಿಸಿ ಗಾಳಿಯಲ್ಲಿ ಸದ್ದಿನ ವೇಗ ಜಾಸ್ತಿ, ತಂಪಿನಲ್ಲಿ ಕಡಿಮೆ. ಹಾಗಾಗಿ ಸದ್ದು ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತದೆ. ಕೆಲವು ನೂರು ಮೀಟರ್ ದಾಟಿದ ಮೇಲೆ ನೆಲದ ಮೇಲೆ ನಿಂತವರಿಗೆ ಸದ್ದಿನ ನೆರಳು. ಆಚೆ ಮನೆಯವರು ಕಣ್ಣಿಗೆ ಕಾಣುತ್ತಾರೆ, ಕೈ ಬೀಸುತ್ತಾರೆ, ಕೂಗಿದ್ದು ಮಾತ್ರ ನಿಮ್ಮ ತಲೆ ಮೇಲಿಂದ ಹೋಗಿಬಿಡುತ್ತದೆ. ಅದರ ಜೊತೆಗೆ ಹಗಲಿನ ಗಾಳಿ, ರಸ್ತೆಯ ವಾಹನ, ತೋಟದಲ್ಲಿ ಕಳೆ ಹೊಡೆಯುವ ಮಿಷನ್ನಿನ ಗಲಾಟೆ ಬೇರೆ.

ರಾತ್ರಿ ಎಲ್ಲ ತಿರುಗಾಮುರುಗಾ. ಮೋಡವಿಲ್ಲದ ನವೆಂಬರ್, ಡಿಸೆಂಬರ್ ರಾತ್ರಿಯಲ್ಲಿ ಸೂರ್ಯ ಮುಳುಗುತ್ತಿದ್ದಂತೆ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಸುತ್ತಲಿನ ಇಳಿಜಾರಿನಿಂದ ಜಾರಿ ಬಂದು ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ಪುತ್ತರಿ ಹೊತ್ತಿಗೆ ಸಂಜೆ ಬಯಲಿಗೆ ಇಳಿದರೆ ಕಾಲಿಗೆ ತಟ್ಟನೆ ಚಳಿ ತಾಗುವುದು ಇದಕ್ಕೇ. ಈಗ ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಸದ್ದು ಕೆಳಕ್ಕೆ ಬಾಗುತ್ತದೆ. ಮೇಲೆ ಹೊರಟದ್ದೂ ತಿರುಗಿ ನೆಲಕ್ಕೇ ಬರುತ್ತದೆ.

ಇದು ಎಷ್ಟು ಬಾಗುತ್ತದೆ ಅಂತ ಲೆಕ್ಕ ಹಾಕೋಣ. ನೆಲದಿಂದ 30 ಮೀಟರ್ ಮೇಲೆ 3 ಡಿಗ್ರಿ ಬೆಚ್ಚಗಿದೆ ಅಂದುಕೊಳ್ಳಿ. ಸದ್ದಿನ ವೇಗದಲ್ಲಿ ವ್ಯತ್ಯಾಸ ಸೆಕೆಂಡಿಗೆ 1.8 ಮೀಟರ್, ಅಂದರೆ ಶೇಕಡ ಅರ್ಧ. ಇಷ್ಟೇನಾ ಅನ್ನಿಸಬಹುದು. ಆದರೆ ಅಷ್ಟು ಸಾಕು, ಸದ್ದಿನ ದಾರಿ ಸುಮಾರು 5.7 ಕಿಲೋಮೀಟರ್ ತ್ರಿಜ್ಯದ ಕಮಾನಾಗುತ್ತದೆ. ನಿಮ್ಮ 680 ಮೀಟರ್ ಬಯಲಿಗೆ ಆ ಕಮಾನಿನ ಎತ್ತರ ಹತ್ತು ಮೀಟರ್. ಬೇಲಿ, ಕಾಫಿ ಗಿಡ, ಕೊಟ್ಟಿಗೆ, ಹುಲ್ಲಿನ ಮೆದೆ ಎಲ್ಲದರ ಮೇಲಿಂದ ಹಾರಿ ಸದ್ದು ನಿಮ್ಮ ಅಂಗಳಕ್ಕೆ ಇಳಿಯುತ್ತದೆ. 'ಪೊಲಿ ಪೊಲಿ ದೇವಾ' ಬಂದದ್ದು ಈ ದಾರಿಯಲ್ಲಿ.

ಬೆಳಕೂ ಇದೇ ನಿಯಮ ಪಾಲಿಸುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕುಶಾಲನಗರದಿಂದ ಮೈಸೂರಿಗೆ ಹೋಗುವಾಗ ಡಾಂಬರು ರಸ್ತೆಯ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತದೆ. ರಸ್ತೆಗೆ ಹತ್ತಿದ ಗಾಳಿ ಬಹಳ ಬಿಸಿ, ಅಲ್ಲಿ ಬೆಳಕಿನ ವೇಗ ಒಂದು ಕೂದಲೆಳೆ ಜಾಸ್ತಿ. ಆಕಾಶದಿಂದ ಇಳಿದ ಬೆಳಕು ಮೇಲಕ್ಕೆ ಬಾಗಿ ನಿಮ್ಮ ಕಣ್ಣಿಗೆ ಬರುತ್ತದೆ. ನೀವು ನೋಡಿದ್ದು ನೀರಲ್ಲ, ಆಕಾಶ. ಹಗಲಿನಲ್ಲಿ ಸದ್ದು ಮೇಲಕ್ಕೆ ಬಾಗುವುದೂ, ರಸ್ತೆಯ ಮೇಲೆ ನೀರು ಕಾಣುವುದೂ ಒಂದೇ ಘಟನೆ. ಆದರೆ ತಾಪಮಾನ ಬದಲಾದರೆ ಬೆಳಕಿಗಿಂತ ಸದ್ದಿನ ವೇಗ ಸಾವಿರಕ್ಕೂ ಹೆಚ್ಚು ಪಟ್ಟು ಜಾಸ್ತಿ ಬದಲಾಗುತ್ತದೆ. ಒಂದು ಡಿಗ್ರಿಗೆ ಸದ್ದಿನ ವೇಗ ಸಾವಿರದಲ್ಲಿ ಸುಮಾರು ಎರಡು ಭಾಗ ಬದಲಾದರೆ, ಬೆಳಕಿನದು ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು. ಅದಕ್ಕೇ ಬೆಳಕು ಬಾಗುವುದನ್ನು ನೋಡಲು ಕಾದ ಡಾಂಬರು ಬೇಕು. ಸದ್ದು ಬಾಗಲು ಸಂಜೆಯ ಚಳಿ ಸಾಕು.

ಮಂಜಿನ ಮಾತು ಈಗ ಸುಲಭ. ಗಾಳಿ ಅಲುಗದೆ, ನೆಲದ ಬಳಿ ಚಳಿ ನಿಂತಾಗ ಬಯಲಿನಲ್ಲಿ ಮಂಜು ಕಟ್ಟುತ್ತದೆ. ಸದ್ದು ಕೆಳಗೆ ಬಾಗುವುದೂ ಅಂಥ ಹೊತ್ತಿನಲ್ಲೇ. ಎರಡೂ ಒಟ್ಟಿಗೆ ಬರುವುದರಿಂದ ಒಂದು ಇನ್ನೊಂದನ್ನು ತಂದಿತು ಅನ್ನಿಸುತ್ತದೆ. ಇಂಗ್ಲೆಂಡಿನಲ್ಲಿ ಇದರ ಉಲ್ಟಾ ನಂಬಿಕೆಯಿತ್ತು. ಮಂಜು ಸದ್ದನ್ನು ನುಂಗುತ್ತದೆ ಅಂತ ವಿಲಿಯಂ ಡೆರ್ಹಮ್ 1708ರಲ್ಲಿ ಬರೆದದ್ದನ್ನು ನೂರೈವತ್ತು ವರ್ಷ ಜನ ಒಪ್ಪಿಕೊಂಡಿದ್ದರು. ಹಡಗುಗಳಿಗೆ ಮಂಜಿನಲ್ಲಿ ಎಚ್ಚರಿಕೆ ಕೊಡುವ ಕೆಲಸಕ್ಕಾಗಿ ಜಾನ್ ಟಿಂಡಾಲ್ 1873ರಲ್ಲಿ ಡೋವರ್ ಬಳಿಯ ಸೌತ್ ಫೋರ್‌ಲ್ಯಾಂಡಿನಲ್ಲಿ ತೋಪು, ಕೊಂಬು, ಸೈರನ್‌ಗಳನ್ನು ಮೊಳಗಿಸಿ, ಸಮುದ್ರದಲ್ಲಿ ಹಡಗಿನಿಂದ ಎಷ್ಟು ದೂರ ಕೇಳುತ್ತದೆ ಅಂತ ಪರೀಕ್ಷಿಸಿದರು. ಬಿಸಿಲು ಹೊಳೆಯುವ ತಿಳಿಯಾದ ದಿನ ಸದ್ದು ಬೇಗ ಸತ್ತುಹೋದದ್ದೂ ಉಂಟು, ದಟ್ಟ ಮಂಜಿನಲ್ಲಿ ಚೆನ್ನಾಗಿ ಕೇಳಿದ್ದೂ ಉಂಟು. ತಾಪಮಾನದಿಂದ ಸದ್ದು ಮೇಲಕ್ಕೆ ಬಾಗುತ್ತದೆ ಅನ್ನುವ ವಿವರಣೆಯನ್ನು ಅದೇ ದಶಕದಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಕೊಟ್ಟರು.

ಮಂಜು ಸದ್ದಿಗೆ ಅಡ್ಡ ಬರುವುದಿಲ್ಲ, ಬೆಳಕಿಗೆ ಮಾತ್ರ ಗೋಡೆಯಾಗುತ್ತದೆ, ಯಾಕೆ? ಇಲ್ಲಿಂದ ಅಲೆಯ ಅಳತೆಯ ಮಾತು ಶುರು. ಅಲೆಯ ಒಂದು ಏರಿನಿಂದ ಮುಂದಿನ ಏರಿಗೆ ಇರುವ ದೂರವೇ ತರಂಗದೂರ. ಒಂದು ಸೆಕೆಂಡಿಗೆ ಎಷ್ಟು ಏರು ದಾಟುತ್ತವೆ ಅನ್ನುವುದು ಆವೃತ್ತಿ, ಅದರ ಅಳತೆಯ ಹೆಸರು ಹರ್ಟ್ಜ್. ಎರಡನ್ನೂ ಗುಣಿಸಿದರೆ ವೇಗ. ಇಷ್ಟೇ ಸೂತ್ರ. ನಾವು ಕೇಳುವ ಸದ್ದು 20 ಹರ್ಟ್ಜ್‌ನಿಂದ 20,000 ಹರ್ಟ್ಜ್. 340ನ್ನು ಇವುಗಳಿಂದ ಭಾಗಿಸಿದರೆ ತರಂಗದೂರ 17 ಮೀಟರಿನಿಂದ 1.7 ಸೆಂಟಿಮೀಟರ್. ನಾವು ನೋಡುವ ಬೆಳಕಿನದು 0.0004 ಮಿಲಿಮೀಟರಿನಿಂದ 0.0007 ಮಿಲಿಮೀಟರ್.

ಮಂಜಿನ ಹನಿಯ ಅಗಲ ಸಾಮಾನ್ಯವಾಗಿ 0.01ರಿಂದ 0.02 ಮಿಲಿಮೀಟರ್. ಬೆಳಕಿನ ಅಲೆಗೆ ಅದು ಇಪ್ಪತ್ತು, ಮೂವತ್ತು ಪಟ್ಟು ದೊಡ್ಡ ಬಂಡೆ. ಡಿಕ್ಕಿ ಹೊಡೆದು ಚದುರದೆ ಬೇರೆ ದಾರಿಯಿಲ್ಲ. ಮಾತಿನ ಸದ್ದಿನ ಅಲೆಗೆ ಅದೇ ಹನಿ ಸಾವಿರಾರು ಪಟ್ಟು ಸಣ್ಣದು. ಅದು ಇದೆ ಅಂತಲೇ ಗೊತ್ತಾಗದೆ ಅಲೆ ದಾಟಿಹೋಗುತ್ತದೆ. ಸಂಪಾಜೆ ಘಾಟಿಯಲ್ಲಿ ಮಳೆಗಾಲದ ಮಂಜಿನೊಳಗೆ ಎದುರಿನ ಬಸ್ಸಿನ ಹೆಡ್‌ಲೈಟ್ ಕಾಣುವ ಮೊದಲೇ ಹಾರ್ನ್ ಕೇಳುತ್ತದೆ. ತಿರುವಿನಲ್ಲಿ ಹಾರ್ನ್ ಹಾಕಿ ಅಂತ ಬೋರ್ಡು ಹಾಕುವುದರ ಹಿಂದೆ ಈ ಭೌತಶಾಸ್ತ್ರವಿದೆ.

ಹನಿ ಅಷ್ಟು ದೊಡ್ಡದಾದ್ದರಿಂದ ಕೆಂಪು, ಹಸಿರು, ನೀಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಒಂದೇ ಸಮ ಚದುರುತ್ತವೆ. ಮಂಜು ಬೆಳ್ಳಗೆ ಕಾಣುವುದು ಅದಕ್ಕೆ. ಮಂಜು ಕರಗಿದ ಮೇಲೆ ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡಿ. ಹತ್ತಿರದ ಬೆಟ್ಟ ಹಸಿರು, ಅದರ ಹಿಂದಿನದು ನೀಲಿ ಬೆರೆತ ಹಸಿರು, ಇನ್ನೂ ಹಿಂದಿನದು ತಿಳಿ ನೀಲಿ. ಬೆಟ್ಟಗಳೇನೂ ನೀಲಿಯಲ್ಲ. ನಿಮ್ಮ ಊರಿನ 1,748 ಮೀಟರ್ ಎತ್ತರದ ತಡಿಯಂಡಮೋಳ್ ಕೂಡ ಹತ್ತಿರದಿಂದ ಹಸಿರು, ದೂರದಿಂದ ನೀಲಿ. ನಡುವಿನ ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ಸಾವಿರ ಪಟ್ಟಿನಷ್ಟು ಸಣ್ಣವು. ಇಷ್ಟು ಸಣ್ಣ ಕಣಗಳಿದ್ದಾಗ ಲೆಕ್ಕ ಬದಲಾಗುತ್ತದೆ. ಉದ್ದ ಅಲೆ ಸುಲಭವಾಗಿ ದಾಟುತ್ತದೆ, ಗಿಡ್ಡ ಅಲೆ ಹೆಚ್ಚು ಚದುರುತ್ತದೆ. ಎಷ್ಟು ಹೆಚ್ಚು ಅಂದರೆ ತರಂಗದೂರದ ನಾಲ್ಕನೇ ಘಾತದ ವಿಲೋಮದಷ್ಟು, ಅಂದರೆ ಅಲೆಯ ಉದ್ದ ಅರ್ಧವಾದರೆ ಚದುರುವಿಕೆ ಹದಿನಾರು ಪಟ್ಟು. ನೀಲಿ ಬೆಳಕು ಕೆಂಪಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಚದುರುತ್ತದೆ. ನಮ್ಮ ಮತ್ತು ಬೆಟ್ಟದ ನಡುವೆ ಇರುವ ಗಾಳಿಯೇ ನೀಲಿಯಾಗಿ ಹೊಳೆಯುತ್ತದೆ. ಗಾಳಿ ಎಷ್ಟು ಜಾಸ್ತಿಯೋ ನೀಲಿ ಅಷ್ಟು ಜಾಸ್ತಿ. ಆಕಾಶದ ನೀಲಿಯೂ ಇದೇ. ಸಂಜೆ ಸೂರ್ಯನ ಬೆಳಕು ಬಹಳ ಗಾಳಿ ದಾಟಿ ಬರುವಾಗ ನೀಲಿ ದಾರಿಯಲ್ಲೇ ಚದುರಿ ಕೆಂಪು ಉಳಿಯುತ್ತದೆ.

ಈ ಚದುರುವಿಕೆಯೇ ಸಿ. ವಿ. ರಾಮನ್ ಅವರನ್ನು ಹಿಡಿದದ್ದು. 1921ರಲ್ಲಿ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಕಾಡಿತು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಅಂತ ಅವರು ತೋರಿಸಿದರು. ಆ ಹಾದಿಯೇ 1928ರ ಫೆಬ್ರವರಿ 28ರ ರಾಮನ್ ಪರಿಣಾಮಕ್ಕೆ (ಅಣುಗಳಿಂದ ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗ ಬಣ್ಣ ಬದಲಿಸುವುದಕ್ಕೆ), 1930ರ ನೊಬೆಲ್ ಬಹುಮಾನಕ್ಕೆ ಹೋಯಿತು. ಮಗಳಿಗೆ ಇದನ್ನೂ ಹೇಳಿ: ಅದೇ ರಾಮನ್ ವೀಣೆಯ ತಂತಿ, ಮೃದಂಗದ ಚರ್ಮ ಹೇಗೆ ಅದುರುತ್ತವೆ ಅಂತಲೂ ಆಳವಾಗಿ ಅಭ್ಯಾಸ ಮಾಡಿದರು. ಅವರು ಸದ್ದನ್ನೂ ಬೆಳಕನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟವರಲ್ಲ.

ಈಗ ಮನೆ ಮೂಲೆಯ ಪ್ರಶ್ನೆ. ಯಾವ ಅಲೆಯಾದರೂ ಒಂದು ಅಂಚನ್ನು ದಾಟಿದ ಮೇಲೆ ಸ್ವಲ್ಪ ನೆರಳಿನ ಒಳಗೂ ಹರಡುತ್ತದೆ. ಇದು ವಿವರ್ತನೆ. ಬೆಳಕು ಮೂಲೆಯಲ್ಲಿ ಬಾಗುವುದೇ ಇಲ್ಲ ಅನ್ನುವುದು ತಪ್ಪು. ಬಾಗುತ್ತದೆ, ಎಷ್ಟು ಅನ್ನುವುದೇ ಪ್ರಶ್ನೆ. ಅದಕ್ಕೆ ಒಂದು ಒಳ್ಳೆಯ ಅಂದಾಜಿದೆ. ತರಂಗದೂರವನ್ನು ಅಂಚಿನಿಂದ ನಿಮಗಿರುವ ದೂರದಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ನೆರಳಿನೊಳಗೆ ಅಲೆ ನುಸುಳುವುದು ಸುಮಾರು ಅಷ್ಟು ದೂರ. ಪಿಯುಸಿ ಮಗಳು ಇದನ್ನು ಒಂದು ನಿಮಿಷದಲ್ಲಿ ಮಾಡುತ್ತಾಳೆ.

ನೀವು ಮನೆಯ ಮೂಲೆಯಿಂದ 10 ಮೀಟರ್ ದೂರದಲ್ಲಿದ್ದೀರಿ ಅನ್ನಿ. ಬೆಳಕಿನ ತರಂಗದೂರ 0.0005 ಮಿಲಿಮೀಟರ್ ಹಾಕಿದರೆ ಉತ್ತರ ಎರಡು ಮಿಲಿಮೀಟರ್ ಚಿಲ್ಲರೆ. ಒಂದು ಮೀಟರ್ ಉದ್ದದ ಸದ್ದಿನ ಅಲೆಗೆ ಉತ್ತರ ಮೂರು ಮೀಟರ್ ಚಿಲ್ಲರೆ. ಬೆಳಕು ಎರಡು ಮಿಲಿಮೀಟರ್ ನುಸುಳಿದರೆ ಮುಖ ಕಾಣುವುದಿಲ್ಲ. ಸದ್ದು ಮೂರು ಮೀಟರ್ ನುಸುಳಿದರೆ ಮಾತು ಕೇಳುತ್ತದೆ. ಸುತ್ತಲಿನ ಮರ, ಕೊಟ್ಟಿಗೆ ಗೋಡೆಗಳಿಗೆ ತಾಗಿ ಮರಳುವ ಸದ್ದೂ ಇದಕ್ಕೆ ಕೂಡುತ್ತದೆ.

ಮನೆ ಹಿಂದಿನ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಯಾರು ಮಾತಾಡುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ. ಏನು ಹೇಳಿದರು ಅನ್ನುವುದು ಅಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ, ಅಲ್ವಾ? 'ಆ', 'ಓ' ತರಹದ ಸ್ವರಗಳ ಅಲೆ ಉದ್ದ, ಅರ್ಧ ಮೀಟರಿನಿಂದ ಮೂರು ಮೀಟರ್. ಮೂಲೆ ತಿರುಗಿ ಬರುತ್ತವೆ. 'ಸ', 'ಶ'ಗಳ ಅಲೆ ಬರೀ ಐದಾರು ಸೆಂಟಿಮೀಟರ್. ಅವು ಅಷ್ಟು ಬಾಗುವುದಿಲ್ಲ. 'ಸಾರು' ಅಂದದ್ದೋ 'ಯಾರು' ಅಂದದ್ದೋ ಅಂತ ಅನುಮಾನ ಬರುವುದು ಇಲ್ಲಿ. ಮದುವೆ ಮನೆಗೆ ನಡೆದು ಹೋಗುವಾಗಲೂ ಇದೇ. ವಾಲಗದಲ್ಲಿ ಡೋಲಿನ ಪೆಟ್ಟು ಗುಡ್ಡದ ಈಚೆಯಿಂದಲೇ ಕೇಳುತ್ತದೆ, ತಿರುವು ದಾಟಿದ ಮೇಲೆ ಊದುವ ವಾದ್ಯದ ಸ್ವರ ತೆರೆದುಕೊಳ್ಳುತ್ತದೆ.

ಮೊಬೈಲ್, ರೇಡಿಯೋಗಳಿಗೂ ಅದೇ ಲೆಕ್ಕ ಹಾಕಿ. ಮಡಿಕೇರಿ ಆಕಾಶವಾಣಿ 103.1 ಮೆಗಾಹರ್ಟ್ಜ್ (ಒಂದು ಮೆಗಾಹರ್ಟ್ಜ್ ಅಂದರೆ ಹತ್ತು ಲಕ್ಷ ಹರ್ಟ್ಜ್). ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ 2.9 ಮೀಟರ್. 2,300 ಮೆಗಾಹರ್ಟ್ಜ್‌ನ 4ಜಿ ಸಿಗ್ನಲ್ಲಿನದು 13 ಸೆಂಟಿಮೀಟರ್. ಗುಡ್ಡದ ನೆತ್ತಿಯಿಂದ ಒಂದು ಕಿಲೋಮೀಟರ್ ಹಿಂದೆ ನಿಮ್ಮ ಮನೆ ಇದ್ದರೆ ಮೊಬೈಲ್ ಅಲೆ ನೆರಳಿನೊಳಗೆ ಇಳಿಯುವುದು ಸುಮಾರು 11 ಮೀಟರ್. ಎಫ್ಎಂ ಅಲೆ 54 ಮೀಟರ್. ಹಳೆಯ ಮೀಡಿಯಂ ವೇವ್ ರೇಡಿಯೋದ 300 ಮೀಟರ್ ಉದ್ದದ ಅಲೆ 500 ಮೀಟರಿಗೂ ಮಿಕ್ಕಿ ಇಳಿಯುತ್ತದೆ. ನಮ್ಮ ಕಣಿವೆಗಳಲ್ಲಿ ಮೀಡಿಯಂ ವೇವ್ ಎಲ್ಲೆಲ್ಲೂ ಸಿಗುತ್ತಿದ್ದುದರ ಗುಟ್ಟು ಇದರಲ್ಲೂ ಇದೆ. ಒದ್ದೆ ಎಲೆಗಳು 13 ಸೆಂಟಿಮೀಟರ್ ಅಲೆಯನ್ನು ಜಾಸ್ತಿ ನುಂಗುತ್ತವೆ, ಮಳೆಗಾಲದ ತೋಟ ಅಂದರೆ ಒದ್ದೆ ಎಲೆಗಳ ರಾಶಿ.

ಆದರೆ ಪೂರ್ತಿ ಹೊಣೆಯನ್ನು ತರಂಗದೂರದ ಮೇಲೆ ಹಾಕುವುದು ಸರಿಯಲ್ಲ. ಆಕಾಶವಾಣಿಯ ಪ್ರಸಾರದ ಶಕ್ತಿ ಕಿಲೋವ್ಯಾಟ್‌ಗಳಲ್ಲಿರುತ್ತದೆ, ಮೊಬೈಲ್ ಟವರಿನದು ಹತ್ತಾರು ವ್ಯಾಟ್. ಇನ್ನೊಂದು ಮುಖ್ಯ ವಿಷಯ: ರೇಡಿಯೋ ಸುಮ್ನೆ ಕೇಳಿಸಿಕೊಂಡರೆ ಸಾಕು, ಫೋನ್ ಟವರಿಗೆ ಉತ್ತರ ಕೊಡಬೇಕು. ಅದೂ ಒಂದು ವ್ಯಾಟಿಗಿಂತ ಕಡಿಮೆ ಶಕ್ತಿಯಲ್ಲಿ. ಸಿಗ್ನಲ್ ಕಡ್ಡಿ ಇದ್ದರೂ ಕರೆ ಹೋಗದಿರುವುದಕ್ಕೆ ಇದೂ ಒಂದು ಕಾರಣ.

ನೀವು ಕೇಳದಿದ್ದರೂ ಆನೆಯ ವಿಷಯ ಸೇರಿಸುತ್ತೇನೆ, ಕೊಡಗಿನಲ್ಲಿ ಅದು ದಿನದ ಮಾತಲ್ವಾ. 1984ರಲ್ಲಿ ಕೇಟಿ ಪೇನ್ ಅನ್ನುವ ವಿಜ್ಞಾನಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ಕೂತಿದ್ದಾಗ ಗಾಳಿಯಲ್ಲಿ ಒಂದು ಮಿಡಿತ ಅನುಭವಕ್ಕೆ ಬಂತು. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಧ್ವನಿಮುದ್ರಣವನ್ನು ಪರೀಕ್ಷಿಸಿದಾಗ 14ರಿಂದ 24 ಹರ್ಟ್ಜ್‌ನ ಕರೆಗಳು ಸಿಕ್ಕವು. ಹೆಚ್ಚುಕಡಿಮೆ ನಮ್ಮ ಕಿವಿಯ ಮಿತಿಗಿಂತ ಕೆಳಗೆ. 20 ಹರ್ಟ್ಜ್ ಸದ್ದಿನ ತರಂಗದೂರ 17 ಮೀಟರ್. ತೋಟದ ಸಿಲ್ವರ್ ಓಕ್ ಮರದ ಕಾಂಡ ಅದಕ್ಕೆ ಲೆಕ್ಕಕ್ಕೇ ಇಲ್ಲ. ಗಾಳಿಯೂ ಅದನ್ನು ಹೀರುವುದಿಲ್ಲ. ಗುಡ್ಡದಾಚೆ ಒಂದು ಕಿಲೋಮೀಟರಿನಲ್ಲಿ ಅದು 130 ಮೀಟರ್ ನೆರಳಿನೊಳಗೆ ಇಳಿಯುತ್ತದೆ. ಕಾಡಿನಲ್ಲಿ ಒಂದನ್ನೊಂದು ಕಾಣದ ಆನೆಗಳು ಕಿಲೋಮೀಟರ್‌ಗಟ್ಟಲೆ ದೂರದಿಂದ ಕರೆದುಕೊಳ್ಳುವುದಕ್ಕೆ ಇಂಥ ಸದ್ದೇ ಬೇಕು. ಬಾವಲಿಗೆ ಬೇಕಾದದ್ದು ಇದರ ವಿರುದ್ಧ. ಅದು ಸಣ್ಣ ಹುಳವನ್ನು ಸದ್ದಿನಿಂದ ಹುಡುಕಬೇಕು. ಹುಳಕ್ಕಿಂತ ಉದ್ದದ ಅಲೆ ಹುಳವನ್ನು ಗಮನಿಸದೆ ದಾಟಿಬಿಡುತ್ತದೆ. ಅದಕ್ಕೆ ಬಾವಲಿ 50,000 ಹರ್ಟ್ಜ್ ಆಸುಪಾಸಿನಲ್ಲಿ, ಏಳು ಮಿಲಿಮೀಟರ್ ಉದ್ದದ ಅಲೆಯಲ್ಲಿ ಕೂಗುತ್ತದೆ.

ಬೆಳಕು ಬಾಗುವುದನ್ನು ಮಗಳು ಕಣ್ಣಾರೆ ನೋಡಬೇಕು. ಅದಕ್ಕೆ ಲ್ಯಾಬ್ ಬೇಡ. ಕರೆಂಟ್ ಹೋದ ರಾತ್ರಿ ಇನ್ನೂ ಒಳ್ಳೆಯದು. ಒಂದು ಕೆಂಪು ಲೇಸರ್ ಪಾಯಿಂಟರ್, ಒಂದು ತಲೆಗೂದಲು, ಸ್ವಲ್ಪ ಟೇಪ್ ಸಾಕು. ಕೂದಲನ್ನು ಪಾಯಿಂಟರಿನ ಬಾಯಿಗೆ ಅಡ್ಡವಾಗಿ, ಸರಿಯಾಗಿ ನಡುವೆ ಬರುವಂತೆ ಬಿಗಿಯಾಗಿ ಅಂಟಿಸಿ. ಎರಡು ಮೀಟರ್ ದೂರದ ಬಿಳಿ ಗೋಡೆಗೆ ಬಿಡಿ. ಪಾಯಿಂಟರನ್ನು ಕೈಯಲ್ಲಿ ಹಿಡಿಯದೆ ಪುಸ್ತಕಗಳ ಮೇಲೆ ಇಟ್ಟರೆ ಅಲುಗುವುದಿಲ್ಲ. ಗೋಡೆಯ ಮೇಲೆ ಕೂದಲಿನ ನೆರಳು ಬೀಳುವುದಿಲ್ಲ. ನಡುವೆ ಒಂದು ಪ್ರಕಾಶದ ಚುಕ್ಕೆ, ಅದರ ಎರಡೂ ಬದಿಗೆ ಕೆಂಪು, ಕಪ್ಪು, ಕೆಂಪು, ಕಪ್ಪು ಅಂತ ಪಟ್ಟಿ ಸಾಲು. ಕೂದಲು ಅಡ್ಡ ಇದ್ದರೆ ಪಟ್ಟಿಗಳು ಮೇಲೆ ಕೆಳಗೆ ಹರಡುತ್ತವೆ, ಪಾಯಿಂಟರನ್ನು ತಿರುಗಿಸಿದರೆ ಅವೂ ತಿರುಗುತ್ತವೆ. ಕೂದಲಿನ ಎರಡು ಬದಿಯಿಂದ ಬಾಗಿ ಬಂದ ಬೆಳಕು ಕೆಲವೆಡೆ ಏರಿಗೆ ಏರು ಸೇರಿ ಹೊಳೆಯುತ್ತದೆ, ಕೆಲವೆಡೆ ಏರಿಗೆ ಇಳಿತ ಸೇರಿ ಕತ್ತಲಾಗುತ್ತದೆ. ಬೆಳಕಿಗೆ ಬೆಳಕು ಸೇರಿ ಕತ್ತಲಾಗಬೇಕಾದರೆ ಅದು ಅಲೆಯೇ ಆಗಿರಬೇಕು. ಥಾಮಸ್ ಯಂಗ್ 1803ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇಟ್ಟ ಪ್ರಯೋಗವೂ ಇದೇ ಜಾತಿಯದು. ಅವರು ಸೂರ್ಯನ ಬೆಳಕಿಗೆ ತೆಳ್ಳನೆ ಕಾರ್ಡಿನ ಪಟ್ಟಿ ಅಡ್ಡ ಹಿಡಿದಿದ್ದರು. ಕಾರ್ಡಿನ ಒಂದು ಬದಿಯ ಬೆಳಕನ್ನು ತಡೆದ ಕೂಡಲೇ ನೆರಳಿನೊಳಗಿನ ಗೆರೆಗಳು ಮಾಯವಾದವು.

ಆಮೇಲೆ ಸ್ಕೇಲ್ ತೆಗೆದುಕೊಂಡು ಒಂದೇ ಬದಿಯಲ್ಲಿ ಅಕ್ಕಪಕ್ಕದ ಎರಡು ಕಪ್ಪು ಜಾಗಗಳ ಅಂತರ ಅಳೆಯಿರಿ. ನಡುವಿನ ದೊಡ್ಡ ಚುಕ್ಕೆಯನ್ನು ಅಳೆಯಬೇಡಿ, ಅದು ಎರಡು ಪಟ್ಟು ಅಗಲವಿರುತ್ತದೆ. ಪಾಯಿಂಟರಿನ ಮೇಲೆ 650 ಎನ್ಎಂ (ನ್ಯಾನೋಮೀಟರ್) ಅಂತ ಬರೆದಿದ್ದರೆ ತರಂಗದೂರ 0.00065 ಮಿಲಿಮೀಟರ್. ಅದನ್ನು ಗೋಡೆಯ ದೂರವಾದ 2,000 ಮಿಲಿಮೀಟರಿನಿಂದ ಗುಣಿಸಿ, ಅಳತೆ ಮಾಡಿದ ಅಂತರದಿಂದ ಭಾಗಿಸಿ. ಅಂತರ 19 ಮಿಲಿಮೀಟರ್ ಬಂದರೆ ಕೂದಲಿನ ದಪ್ಪ 0.068 ಮಿಲಿಮೀಟರ್. ಮನೆಯಲ್ಲಿ ಎಲ್ಲರ ಕೂದಲನ್ನೂ ಹೀಗೆ ಅಳೆಯಬಹುದು. ತೆಳು ಕೂದಲಿಗೆ ಪಟ್ಟಿಗಳು ಅಗಲ, ದಪ್ಪ ಕೂದಲಿಗೆ ಒತ್ತೊತ್ತು. ಲೇಸರ್ ಯಾರ ಕಣ್ಣಿಗೂ ಬೀಳಬಾರದು, ಕನ್ನಡಿ ಇರುವ ಗೋಡೆಯ ಕಡೆಗೂ ಬಿಡಬಾರದು. ಐದು ಮಿಲಿವ್ಯಾಟಿಗಿಂತ ಜಾಸ್ತಿ ಶಕ್ತಿಯ ಪಾಯಿಂಟರ್ ಮನೆಗೆ ತರಲೇಬೇಡಿ.